ಸ್ಯಾಕ್ಸೋಫೋನಿನ 25 ಪ್ಯಾಡ್ ಸೆಟ್: ಚರ್ಮ ಪಾಸು, ದಪ್ಪ ನಪಾಸು

ಆಲ್ಟೋ ಸ್ಯಾಕ್ಸೋಫೋನಿಗೆ ಪ್ಯಾಡ್ (ಕೀಗಳ ಅಡಿಯಲ್ಲಿ ಕೂತು ವಾದ್ಯದ ತೂತುಗಳನ್ನು ಮುಚ್ಚುವ ಬಿಲ್ಲೆ) ಬೇಕೆಂದು ಆನ್‌ಲೈನ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಹೆಸರಿಲ್ಲದ 25 ಪ್ಯಾಡಿನ ಸೆಟ್‌ಗಳು. ಒಂದು ಜಿಪ್ ಕವರು, ಒಳಗೆ ಕಂದು ಚರ್ಮದ ಬಿಲ್ಲೆಗಳು, ದೊಡ್ಡ ಬಿಲ್ಲೆಗಳ ನಡುವೆ ಪ್ಲಾಸ್ಟಿಕ್ಕಿನದೋ ಲೋಹದ್ದೋ ಒಂದು ರೆಸೊನೇಟರ್, ಅಂದರೆ ನಾದವನ್ನು ಪ್ರತಿಫಲಿಸುವ ಪುಟ್ಟ ತಟ್ಟೆ. ತಯಾರಿಸಿದವರ ಹೆಸರಿಲ್ಲ, ಹಾಕುವ ಕ್ರಮ ಬರೆದಿಲ್ಲ, ಅಳತೆಯ ಚೀಟಿ ಇದ್ದರೆ ನಿಮ್ಮ ಪುಣ್ಯ. ಬೆಲೆ ಮಾತ್ರ ಊದುವ ತುದಿಗೆ ಕಟ್ಟುವ ವ್ಯಾಂಡೊರೆನ್ ಕಂಪನಿಯ ರೀಡಿನ ಒಂದು ಪೆಟ್ಟಿಗೆಗಿಂತ ಕಡಿಮೆ. ಕೊಳ್ಳಬಹುದೇ ಎಂದರೆ ಹೌದು, ಕೊಳ್ಳಬಹುದು. ಕೊಂಡ 25ನ್ನೂ ಮನೆಯಲ್ಲಿ ಕೂತು ಹಾಕಬಹುದೇ ಎಂದರೆ ಬೇಡ. ಈ ಎರಡು ಉತ್ತರಗಳ ನಡುವೆ ಇರುವುದು ಅರ್ಧ ಮಿಲಿಮೀಟರಿನ ಲೆಕ್ಕ.

ಪ್ಯಾಡಿಗೆ ಕೈ ಹಾಕುವ ಮೊದಲು ತಪ್ಪು ಪ್ಯಾಡಿನದೇ ಹೌದೋ ಎಂದು ನೋಡಬೇಕು. ಮಂದ್ರದ ಸಿ, ಬಿ, ಬಿ ಫ್ಲ್ಯಾಟ್ ಹೊರಡುತ್ತಿಲ್ಲ, ಗುಳುಗುಳು ಎನ್ನುತ್ತದೆ ಎಂಬ ದೂರಿಗೆ ಎಷ್ಟೋ ಸಲ ಕಾರಣ ಜಿ ಶಾರ್ಪ್ ಪ್ಯಾಡಿನ ಮೇಲೆ ಕೂತಿರುವ ಒಂದು ಪುಟ್ಟ ಸ್ಕ್ರೂ. ಎಡಗೈ ಕಿರುಬೆರಳಿನಿಂದ ಲೋ ಬಿ ಅಥವಾ ಬಿ ಫ್ಲ್ಯಾಟ್ ಒತ್ತಿದಾಗ ಜಿ ಶಾರ್ಪಿನ ಪಟ್ಟಿಯೂ ಜೊತೆಗೇ ಕೆಳಗಿಳಿಯುತ್ತದೆ. ಆಗ ಜಿ ಶಾರ್ಪ್ ಪ್ಯಾಡ್ ಮೇಲೇಳದಂತೆ ತಡೆಯುವುದು ಬಲಗೈ ಬೆರಳುಗಳ ಕೀಸಾಲಿನಿಂದ ಚಾಚಿರುವ ತೋಳು, ಆ ತೋಳಿನ ತುದಿಯ ಸ್ಕ್ರೂ. ಅದು ಕಾಲು ಸುತ್ತು ಸಡಿಲವಾದರೂ ಸಾಕು, ಪ್ಯಾಡ್ ಕೂದಲೆಳೆಯಷ್ಟು ಎದ್ದು ಕೆಳಗಿನ ಸ್ವರಗಳೆಲ್ಲ ಹಾಳು. ಸ್ಕ್ರೂ ಸ್ವಲ್ಪ ತಿರುಗಿಸಿದರೆ ಸರಿಹೋಗುವ ಕಾಯಿಲೆಗೆ ಪ್ಯಾಡ್ ಸೆಟ್ ತರಿಸುವವರು ಬೇಕಾದಷ್ಟಿದ್ದಾರೆ. ಒತ್ತಿದರೂ ಏಳದೆ ಅಂಟಿಕೊಳ್ಳುವ ಪ್ಯಾಡೂ ಹೀಗೆಯೇ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಯ್ಸಿದ ಕಾಗದದ ಚೂರನ್ನು ಪ್ಯಾಡ್ ಮತ್ತು ತೂತಿನ ಅಂಚಿನ ನಡುವೆ ಇಟ್ಟು ಎರಡು ಮೂರು ಸಲ ಮುಚ್ಚಿ ತೆಗೆದರೆ ಜಿಗುಟು ಹೋಗುತ್ತದೆ. ಟಾಲ್ಕಂ ಪೌಡರ್ ಮಾತ್ರ ಬೇಡ. ಇವತ್ತು ಅಂಟು ಬಿಡುತ್ತದೆ, ನಾಳೆ ಎಂಜಲಿನೊಡನೆ ಸೇರಿ ಗೋಂದಾಗುತ್ತದೆ.

ಲೀಕ್ ನೋಡಲು ಕತ್ತಲೆ ಕೋಣೆ ಮತ್ತು ಯುಎಸ್‌ಬಿಗೆ ಸಿಕ್ಕಿಸುವ, ಸಿಲಿಕಾನ್ ಹೊದಿಕೆಯ ಎಲ್‌ಇಡಿ ಪಟ್ಟಿ ಸಾಕು. ನೆಕ್ (ಮೇಲಿನ ಬಾಗಿದ ಕೊಳವೆ) ತೆಗೆದು, ಪಟ್ಟಿಯನ್ನು ಮೇಲಿನಿಂದ ದೇಹದೊಳಕ್ಕೆ ಇಳಿಬಿಟ್ಟು, ಒಂದೊಂದೇ ಕೀಯನ್ನು ಹಗುರವಾಗಿ ಮುಚ್ಚಬೇಕು. ಹಗುರವಾಗಿ ಎನ್ನುವುದಕ್ಕೆ ಅಡಿಗೆರೆ ಎಳೆದುಕೊಳ್ಳಿ. ಬಲ ಹಾಕಿ ಒತ್ತಿದರೆ ಎಂಥ ಸತ್ತ ಪ್ಯಾಡೂ ಮುಚ್ಚಿಕೊಂಡಂತೆ ಕಾಣುತ್ತದೆ, ಕಚೇರಿಯಲ್ಲಿ ಮಾತ್ರ ಕೈಕೊಡುತ್ತದೆ. ಬೆಳಕು ಸುತ್ತಲೂ ಒಟ್ಟಿಗೇ ಆರಿದರೆ ಪ್ಯಾಡ್ ಸರಿ. ಒಂದು ಕಡೆ ಗೆರೆಯಂತೆ ಉಳಿದರೆ ಲೀಕ್ ಅಲ್ಲಿದೆ. ಬೆಳಕು ತಲುಪದ ಕಡೆ ಸಿಗರೇಟು ಸುತ್ತುವ ಕಾಗದವನ್ನು 4–5 ಮಿ.ಮೀ. ಅಗಲಕ್ಕೆ ಕತ್ತರಿಸಿ, ಗೋಂದಿರುವ ಅಂಚು ಬಿಟ್ಟು, ಪ್ಯಾಡಿನಡಿ ಇಟ್ಟು ಮುಚ್ಚಿ ಎಳೆಯಿರಿ. ಗಡಿಯಾರದ 12, 3, 6, 9ರ ಜಾಗದಲ್ಲಿ ಎಳೆತ ಒಂದೇ ಸಮ ಇರಬೇಕು.

ಇಷ್ಟು ಮಾಡಿದ ಮೇಲೆ ನಿಜವಾಗಿ ಬದಲಿಸಬೇಕಾದವು ಸಾಮಾನ್ಯವಾಗಿ ಐದೋ ಎಂಟೋ ಉಳಿಯುತ್ತವೆ, 25 ಅಲ್ಲ. ಮೊದಲು ಹೋಗುವವು ಎಡಗೈಯ ಅಂಗೈ ತಾಗುವ ಮೂರು ಕೀಗಳು: ಡಿ, ಇ ಫ್ಲ್ಯಾಟ್, ಎಫ್. ಉಸಿರಿನ ತೇವ ಮೊದಲು ತಣಿದು ನೀರಾಗುವುದೇ ಆ ಎತ್ತರದಲ್ಲಿ. ಕೆಳಗೆ ಲೋ ಇ ಫ್ಲ್ಯಾಟ್ ಇನ್ನೊಂದು, ಹರಿದ ನೀರು ಅದರ ಮುಚ್ಚಿದ ಪ್ಯಾಡಿನ ಮೇಲೆ ನಿಲ್ಲುತ್ತದೆ. ಸದಾ ಮುಚ್ಚಿಕೊಂಡೇ ಇರುವ ಪ್ಯಾಡುಗಳಿಗೆ ಒಣಗುವ ಅವಕಾಶವೇ ಇಲ್ಲ. ಚರ್ಮ ಮೊದಲು ಕಪ್ಪಾಗುತ್ತದೆ, ಆಮೇಲೆ ತೂತಿನ ಅಂಚು ಕೂತ ಉಂಗುರದ ಗುಂಟ ಗಟ್ಟಿಯಾಗಿ, ಕೊನೆಗೆ ಅಲ್ಲೇ ಸೀಳುತ್ತದೆ. ಉಗುರಿನಿಂದ ಒತ್ತಿದಾಗ ಹಪ್ಪಳದಂತೆ ಚುರುಗುಟ್ಟಿದರೆ ಆಯುಷ್ಯ ಮುಗಿದಿದೆ. ಕಲೆಯಾಗಿದ್ದರೂ ಮೆತ್ತಗಿದ್ದು ಬೆಳಕು ತಡೆಯುತ್ತಿದ್ದರೆ ಅದನ್ನು ಮುಟ್ಟಬೇಡಿ. ನೋಡಲು ಚೆನ್ನಾಗಿಲ್ಲ ಎಂದು ಕಿತ್ತ ಪ್ಯಾಡ್ ತಂದಿಡುವ ತಲೆನೋವು ಸಣ್ಣದಲ್ಲ.

ಇನ್ನು ಸೆಟ್ಟಿನ ವಿಷಯ. ಚರ್ಮಕ್ಕೆ ಹೆಚ್ಚು ದೂರಿಲ್ಲ. ತೆಳು ಕುರಿ ಚರ್ಮ, ನೀರು ತಡೆಯುವಂತೆ ಹದ ಮಾಡಿದ್ದು. ಒಂದು ಹನಿ ನೀರು ಬಿಟ್ಟು ನೋಡಿ. ಮುತ್ತಿನಂತೆ ನಿಂತರೆ ಒಳ್ಳೆಯದು, ಶಾಯಿ ಹೀರುವ ಕಾಗದದಂತೆ ಕುಡಿದುಬಿಟ್ಟರೆ ಆ ಸೆಟ್ ವಾಪಸು ಕಳಿಸಿ. ಪ್ರತಿ ಪ್ಯಾಡನ್ನೂ ದೀಪಕ್ಕೆ ಓರೆಯಾಗಿ ಹಿಡಿದು ಸೂಜಿಮೊನೆಯ ತೂತು, ಅಂಚಿನ ಸುಕ್ಕು ಹುಡುಕಬೇಕು. ಸುಕ್ಕು ರೆಸೊನೇಟರಿನ ಹತ್ತಿರ ಇದ್ದರೆ ಪರವಾಗಿಲ್ಲ. ತೂತಿನ ಅಂಚು ಕೂರುವ ವೃತ್ತದ ಮೇಲಿದ್ದರೆ ಅದು ಹುಟ್ಟು ಲೀಕ್. ಚರ್ಮದೊಳಗಿನ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಬಟ್ಟೆ) ಮೆತ್ತಗೆ. ಇದು ವರವೂ ಹೌದು, ಶಾಪವೂ ಹೌದು. ಕೈ ಪಳಗದವರ ಸಣ್ಣಪುಟ್ಟ ತಪ್ಪನ್ನು ಮೆತ್ತನೆ ಫೆಲ್ಟ್ ನುಂಗಿಕೊಳ್ಳುತ್ತದೆ, ಹಾಕಿದ ದಿನವೇ ಸ್ವರ ಹೊರಡುತ್ತದೆ. ಆದರೆ ತಿಂಗಳೊಳಗೆ ಅದು ಕುಗ್ಗಿ ಉಂಗುರ ಆಳವಾಗಿ, ಹೊಂದಿಸಿದ್ದ ಸ್ಕ್ರೂಗಳನ್ನೆಲ್ಲ ಮತ್ತೆ ಹೊಂದಿಸಬೇಕಾಗುತ್ತದೆ. ಗಟ್ಟಿ ಫೆಲ್ಟಿನ ಪ್ಯಾಡ್ ಕೂರಿಸುವಾಗ ಸತಾಯಿಸುತ್ತದೆ, ಕೂತ ಮೇಲೆ ಮಾತು ಉಳಿಸಿಕೊಳ್ಳುತ್ತದೆ.

ನಪಾಸಾಗುವುದು ದಪ್ಪದಲ್ಲಿ. ಆಲ್ಟೋ ಪ್ಯಾಡಿನ ದಪ್ಪ ಸಾಮಾನ್ಯವಾಗಿ 4 ಮಿ.ಮೀ. ಆಸುಪಾಸು. ಈ ಬಗೆಯ ಸೆಟ್‌ಗಳಲ್ಲಿ ಡಿಜಿಟಲ್ ಕ್ಯಾಲಿಪರ್ ಹಿಡಿದರೆ ಒಂದಕ್ಕೂ ಇನ್ನೊಂದಕ್ಕೂ 0.3 ಮಿ.ಮೀ. ತನಕ ಹೆಚ್ಚುಕಡಿಮೆ ಕಾಣುವುದು ಮಾಮೂಲು. ಅಷ್ಟರಿಂದ ಏನಾದೀತು? ಲೆಕ್ಕ ಹಾಕಿ. ಕೀ ತಿರುಗುವ ರಾಡಿನಿಂದ ಕಪ್ಪಿನ (ಪ್ಯಾಡ್ ಕೂರುವ ಲೋಹದ ಬಟ್ಟಲಿನ) ನಡುವಿಗೆ 25 ಮಿ.ಮೀ., ತೂತಿನ ಅಗಲ 24 ಮಿ.ಮೀ. ಎಂದಿಟ್ಟುಕೊಳ್ಳೋಣ. ಹಾಗಾದರೆ ತೂತಿನ ಹಿಂಬದಿಯ ಅಂಚು ರಾಡಿನಿಂದ 13 ಮಿ.ಮೀ., ಮುಂಬದಿಯದು 37 ಮಿ.ಮೀ. ದೂರ. ಪ್ಯಾಡ್ 0.3 ಮಿ.ಮೀ. ದಪ್ಪವಾದರೆ ಹಿಂಬದಿ ಮೊದಲೇ ತಾಗಿ ಕೀ ಅಲ್ಲಿಗೇ ನಿಲ್ಲುತ್ತದೆ. ಮುಂಬದಿಯಲ್ಲಿ ಅರ್ಧ ಮಿ.ಮೀ.ಗಿಂತ ಹೆಚ್ಚು ಬಾಯಿ ತೆರೆದೇ ಇರುತ್ತದೆ. ಸಿಗರೇಟು ಕಾಗದವನ್ನು ಇಪ್ಪತ್ತು ಪದರ ಮಡಚಿ ತುರುಕುವಷ್ಟು ಜಾಗ ಅದು. ಪ್ಯಾಡ್ ತೆಳುವಾದರೆ ಇದೇ ಆಟ ತಿರುಗುಮುರುಗು: ಮುಂಬದಿ ಮೊದಲು ತಾಗುತ್ತದೆ, ಹಿಂಬದಿ ತೆರೆದಿರುತ್ತದೆ. ತೆಳು ಪ್ಯಾಡನ್ನು ಅಂಟಿನ ಪದರ ದಪ್ಪ ಮಾಡಿ ಸುಧಾರಿಸಬಹುದು. ದಪ್ಪ ಪ್ಯಾಡನ್ನು ತೆಳು ಮಾಡುವ ವಿದ್ಯೆ ಇಲ್ಲ. ಆದ್ದರಿಂದ ಆಯ್ಕೆ ಬಂದಾಗ ತೆಳು ಪ್ಯಾಡಿನ ಕಡೆಗೇ ವಾಲಿ.

ವ್ಯಾಸದ್ದು ಬೇರೆ ಕಥೆ. ಆಲ್ಟೋದಲ್ಲಿ ಆಕ್ಟೇವ್ ಕೀಯ 8 ಮಿ.ಮೀ. ಸುಮಾರಿನ ಬಿಲ್ಲೆಯಿಂದ ಹಿಡಿದು ಗಂಟೆಬಾಯಿಯ 33–34 ಮಿ.ಮೀ. ತನಕ ಇರುತ್ತವೆ, ಅಂಗಡಿಯಲ್ಲಿ ಅರ್ಧರ್ಧ ಮಿ.ಮೀ. ಅಂತರದಲ್ಲಿ ಸಿಗುತ್ತವೆ. ಎಲ್ಲ ಆಲ್ಟೋಗೂ ಹೊಂದುತ್ತದೆ ಎಂದು ಕವರಿನ ಮೇಲೆ ಬರೆದಿದ್ದರೆ ನಂಬಬೇಡಿ. ಯಮಹಾ, ಸೆಲ್ಮರ್, ಜುಪಿಟರ್, ಮೀರತ್‌ನಲ್ಲಿ ಮಾಡಿದ ವಾದ್ಯ, ಒಂದೊಂದರ ಕಪ್ಪೂ ಒಂದೊಂದು ಅಳತೆ. ಹಳೆಯ ಪ್ಯಾಡನ್ನು ಅಳೆಯುವುದೂ ಮೋಸ, ಅದು ಉಬ್ಬಿ ಆಕಾರ ಕಳೆದುಕೊಂಡಿರುತ್ತದೆ. ಕಪ್ಪಿನ ಒಳಸುತ್ತನ್ನು ಅಳೆದು, ಅದಕ್ಕಿಂತ ಕಾಲಿನಿಂದ ಅರ್ಧ ಮಿ.ಮೀ. ಕಡಿಮೆ ಇರುವುದನ್ನು ಆರಿಸಿ. ತಾನಾಗಿ ಜಾರಿ ಒಳಗೆ ಕೂರಬೇಕು. ತುರುಕಿದರೆ ಅಂಚು ಎದ್ದು ಚರ್ಮ ಸುಕ್ಕಾಗುತ್ತದೆ; ಸಡಿಲವಾದರೆ ಅಂಟು ಕರಗಿದಾಗ ಒಂದು ಬದಿಗೆ ಸರಿಯುತ್ತದೆ. ಹಳೆಯ ಅಮೆರಿಕನ್ ಕಾನ್, ಬ್ಯುಷರ್ ವಾದ್ಯಗಳಿದ್ದರೆ ಈ ಸೆಟ್ ಮರೆತೇಬಿಡಿ. ಕಾನ್‌ನಲ್ಲಿ ಅಂಚಿಗೆ ಲೋಹದ ಉಂಗುರವಿರುವ ಬೇರೆಯೇ ಪ್ಯಾಡು, ಬ್ಯುಷರ್‌ನಲ್ಲಿ ಗುಂಡಿಯಂತೆ ಒತ್ತಿ ಕೂರಿಸುವ ರೆಸೊನೇಟರು.

ಹಾಗಾದರೆ ಹೆಸರಿರುವ ಪ್ಯಾಡ್? ಇಟಲಿಯ ಪಿಸೋನಿ ಬಿಡಿಬಿಡಿಯಾಗಿ, ಬೇಕಾದ ಅಳತೆಗೆ ಸಿಗುತ್ತದೆ. ಅಮೆರಿಕದ ಮ್ಯೂಸಿಕ್‌ಮೆಡಿಕ್‌ನವರು ವಾದ್ಯದ ಮಾಡೆಲ್ ಹೇಳಿದರೆ ಅದಕ್ಕೆ ಸರಿಯಾಗಿ ಜೋಡಿಸಿದ ಸೆಟ್ ಮಾರುತ್ತಾರೆ, ಕಾಂಗರೂ ಚರ್ಮದ ಪ್ಯಾಡೂ ಅವರಲ್ಲಿದೆ. ಯಮಹಾ ಇಟ್ಟುಕೊಂಡವರಿಗೆ ಕಂಪನಿಯದೇ ಬಿಡಿ ಪ್ಯಾಡ್ ಉಂಟು. ತೂತುಗಳ ಅಂಚು ಸಪಾಟಾಗಿರುವ ಒಳ್ಳೆಯ ವಾದ್ಯವಾದರೆ, ಬಲಗೈ ಎಡಗೈ ಸಾಲಿನ ದೊಡ್ಡ ಕೀಗಳಿಗೆ ಇಂಥದ್ದೇ ಹಾಕಿಸಿ. ಅಗ್ಗದ ವಾದ್ಯಕ್ಕೆ ಅಷ್ಟು ಖರ್ಚು ದಂಡ. ಅಲ್ಲಿ ತೂತಿನ ಅಂಚೇ ಏರುತಗ್ಗು ಇರುತ್ತದೆ, ಗಟ್ಟಿ ಪ್ಯಾಡ್ ಅದನ್ನು ಕ್ಷಮಿಸುವುದಿಲ್ಲ, ಮೆತ್ತನೆಯ ಈ ಸೆಟ್ಟೇ ವಾಸಿ. ಅಂಚು ಸಪಾಟಿದೆಯೇ ಎಂದು ತಿಳಿಯಲು ಕೀ ತೆಗೆದು, ದೇಹದೊಳಗೆ ಎಲ್‌ಇಡಿ ಉರಿಸಿ, ತೂತಿನ ಮೇಲೆ ಕನ್ನಡಿಯ ಚೂರಿಡಿ. ಗಾಜಿನಡಿ ಬೆಳಕು ಇಣುಕಿದ ಕಡೆ ತಗ್ಗು. ತಗ್ಗು ಕಂಡಿತೆಂದು ಅರ ಹಿಡಿದು ಉಜ್ಜಲು ಹೋಗಬೇಡಿ. ಉಜ್ಜಿದ ಹಿತ್ತಾಳೆ ಮತ್ತೆ ಬೆಳೆಯುವುದಿಲ್ಲ.

ಅಂಟಿನ ವಿಷಯಕ್ಕೆ ಬಂದರೆ, ಸೆಟ್ಟಿನ ಜೊತೆ ಕೆಲವರು ಒಂದು ಅಂಟುಕಡ್ಡಿ ಕೊಡುತ್ತಾರೆ. ಏನು ಬೆರೆಸಿದ್ದೆಂದು ಯಾರೂ ಬರೆದಿರುವುದಿಲ್ಲ, ಅದನ್ನು ಪಕ್ಕಕ್ಕಿಡಿ. ಈ ಕೆಲಸಕ್ಕೆ ಪರಂಪರೆಯಿಂದ ಬಂದದ್ದು ಶೆಲ್ಲಾಕ್. ವಿದೇಶದಿಂದ ಕಡ್ಡಿಯಾಗಿ ಬರುವಾಗ ದೊಡ್ಡ ಹೆಸರು, ಅಸಲಿಗೆ ನಮ್ಮ ಅರಗೇ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವುದು ಅದರಿಂದಲೇ, ಮತದಾನದ ಶಾಯಿಗೆ ಹೆಸರಾದ ಮೈಸೂರಿನ ಕಾರ್ಖಾನೆ 1937ರಲ್ಲಿ ಶುರುವಾದದ್ದೂ ಅರಗು ಮತ್ತು ಬಣ್ಣದ ಕೆಲಸಕ್ಕೇ. ಫ್ರೆಂಚ್ ಪಾಲಿಶ್ ಮಾಡುವ ಬಡಗಿಗಳು ಕೊಳ್ಳುವ ಶೆಲ್ಲಾಕ್ ಚಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಸ್ಟೀಲ್ ಸೌಟಿನಲ್ಲಿ ಸಣ್ಣ ಉರಿಯ ಮೇಲೆ ಜೇನಿನ ಹದಕ್ಕೆ ಕರಗಿಸಿ, ಒದ್ದೆ ಕೈಯಲ್ಲಿ ಹೊಸೆದರೆ ಕಡ್ಡಿ ಸಿದ್ಧ. 75–80 ಡಿಗ್ರಿ ಸೆಲ್ಸಿಯಸ್‌ಗೆ ಅದು ಕರಗುತ್ತದೆ. ಉರಿ ಜಾಸ್ತಿಯಾಗಿ ನೊರೆ ಬಂದರೆ ರಬ್ಬರಿನಂತಾಗಿ ಮತ್ತೆಂದೂ ಸರಿಯಾಗಿ ಕರಗುವುದಿಲ್ಲ, ಎಸೆದುಬಿಡಿ. ಲಕೋಟೆಗೆ ಮೊಹರು ಹಾಕುವ ಅರಗು ನೋಡಲು ಅದೇ ಥರ, ಆದರೆ ಅದರಲ್ಲಿ ಪುಡಿ ಬೆರೆಸಿರುತ್ತಾರೆ, ತಣಿದ ಮೇಲೆ ಟಪಕ್ಕನೆ ಬಿರಿಯುತ್ತದೆ. ಕರಕುಶಲದ ಗನ್ನಿಗೆ ಹಾಕುವ ಹಾಟ್ ಗ್ಲೂ ಕಡ್ಡಿಯೂ ನಡೆಯುತ್ತದೆ, ಮತ್ತೆ ಬಿಸಿ ಮಾಡಿ ಹೊಂದಿಸಬಹುದು. ಫೆವಿಕ್ವಿಕ್ ಮಾತ್ರ ಕನಸಿನಲ್ಲೂ ಬೇಡ. ಪ್ಯಾಡ್ ಕೂರಿಸುವುದೆಂದರೆ ಹತ್ತು ಸಲ ಅಂಟು ಕರಗಿಸಿ ಹತ್ತು ಸಲ ಸರಿಸುವುದು. ಒಮ್ಮೆ ಹಿಡಿದರೆ ಬಿಡದ ಅಂಟಿಗೆ ಇಲ್ಲಿ ಕೆಲಸವಿಲ್ಲ.

ಬಿಸಿ ಮಾಡಲು ಸ್ಪಿರಿಟ್ ದೀಪವೋ ಸಣ್ಣ ಬ್ಯುಟೇನ್ ಟಾರ್ಚೋ ಆಗುತ್ತದೆ. ಅಡುಗೆ ಒಲೆಯ ಜ್ವಾಲೆ ಅಗಲ ಹೆಚ್ಚು, ಕಪ್ಪಿನ ಜೊತೆ ಅಕ್ಕಪಕ್ಕದ್ದನ್ನೂ ಸುಡುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಕಿರುಮೂತಿಯ ಹಾಟ್ ಏರ್ ಗನ್ ಸಿಕ್ಕರೆ ಇನ್ನೂ ಒಳ್ಳೆಯದು, ಮಸಿ ಇಲ್ಲ, ಲ್ಯಾಕರ್ (ಹಿತ್ತಾಳೆಯ ಮೇಲಿನ ಹೊಳಪು ಲೇಪ) ಸುಡುವ ಭಯವೂ ಕಡಿಮೆ. ಇನ್ನುಳಿದ ಸಾಮಾನು: ರಾಡಿನ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್, ಸ್ಪ್ರಿಂಗ್ ಬಿಡಿಸಲು ಕ್ರೋಶಾ ಕಡ್ಡಿ, ಪ್ಯಾಡ್ ಸ್ಲಿಕ್ ಎನ್ನುವ ತೆಳು ಸ್ಟೀಲ್ ತಗಡು, ದಪ್ಪ ಸೂಜಿ, 0.4ರಿಂದ 1.6 ಮಿ.ಮೀ. ತನಕದ ಕಾರ್ಕ್ ಹಾಳೆ, ಕಾಂಟ್ಯಾಕ್ಟ್ ಸಿಮೆಂಟ್, ಮೆಷಿನ್ ಎಣ್ಣೆ. ಮತ್ತೊಂದು ಥರ್ಮೋಕೋಲ್ ಹಲಗೆ. ಬಿಚ್ಚಿದ ರಾಡು, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಅದಕ್ಕೆ ಚುಚ್ಚಿ, ಪಕ್ಕದಲ್ಲಿ ಪೆನ್ನಿನಿಂದ ಹೆಸರು ಬರೆದಿಡಿ. ಒಂದೇ ಥರ ಕಾಣುವ ಎರಡು ರಾಡುಗಳ ಉದ್ದದಲ್ಲಿ ಒಂದು ಮಿ.ಮೀ. ವ್ಯತ್ಯಾಸವಿದ್ದರೂ ಕೀ ಬಿಗಿದುಕೊಳ್ಳುತ್ತದೆ.

ಕೈ ಪಳಗಿಸಲು ಅಂಗೈ ಕೀಗಳಂಥ ಜಾಗ ಬೇರಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಸ್ಪ್ರಿಂಗೇ ಮುಚ್ಚಿ ಹಿಡಿಯುತ್ತದೆ, ಹೊಂದಿಸುವ ಸ್ಕ್ರೂಗಳ ಗೋಜಿಲ್ಲ. ಡಿ ಕೀಯನ್ನೇ ತೆಗೆದುಕೊಳ್ಳಿ. ಸೂಜಿ ಸ್ಪ್ರಿಂಗ್ ಇದ್ದರೆ ಮೊದಲು ಕ್ರೋಶಾ ಕಡ್ಡಿ ಹಿಡಿದು ಅದನ್ನು ಸಿಕ್ಕಿರುವ ಕೊಕ್ಕೆಯಿಂದ ಬಿಡಿಸಿ, ಆಮೇಲೆ ರಾಡ್ ತಿರುಗಿಸಿ. ಕರಾವಳಿಯ ಉಪ್ಪುಗಾಳಿ ತಿಂದ ರಾಡ್ ಜಪ್ಪಯ್ಯ ಎಂದರೂ ಬರುವುದಿಲ್ಲ. ಬಲ ಹಾಕಿದರೆ ತಲೆಯ ಸೀಳು ಹರಿದು ಕೆಲಸ ಕೆಡುತ್ತದೆ. ತುಕ್ಕು ಬಿಡಿಸುವ ಎಣ್ಣೆ ಎರಡು ತುದಿಗೂ ಹಾಕಿ ಒಂದು ರಾತ್ರಿ ಬಿಡಿ. ಕೀ ಕೈಗೆ ಬಂದ ಮೇಲೆ ಕಪ್ಪಿನ ಬೆನ್ನನ್ನು ಜ್ವಾಲೆಯ ತುದಿಯಲ್ಲಿ ಅತ್ತಿತ್ತ ಆಡಿಸಿ. ಐದಾರು ಸೆಕೆಂಡಿಗೆ ಅಂಟು ಸಡಿಲವಾಗುತ್ತದೆ, ಹಳೆಯ ಪ್ಯಾಡಿನ ಪಕ್ಕಕ್ಕೆ ಸೂಜಿ ಚುಚ್ಚಿ ಎತ್ತಿದರೆ ಸಲೀಸಾಗಿ ಬರುತ್ತದೆ. ಉಳಿದ ಅಂಟನ್ನು ಬಿಸಿಯಿದ್ದಾಗಲೇ ಕೆರೆದು, ಕೊನೆಗೆ ಸ್ಪಿರಿಟ್ ಬಟ್ಟೆಯಿಂದ ಒರೆಸಿ. ಥಿನ್ನರ್, ಅಸಿಟೋನ್ ಬೇಡ, ಕಪ್ಪಿನ ಹೊರಗಿನ ಲ್ಯಾಕರ್ ಎದ್ದುಬರುತ್ತದೆ. ತೂತಿನ ಅಂಚಿನ ಹಸಿರು ಕಿಲುಬನ್ನೂ ಇದೇ ಹೊತ್ತಿಗೆ ಒರೆಸಿಬಿಡಿ. ಹೊಸ ಚರ್ಮವನ್ನು ಮೊದಲು ಕೊರೆಯುವುದು ಅದೇ.

ಈಗ ಹೊಸ ಪ್ಯಾಡಿನ ರಟ್ಟಿನ ಬೆನ್ನಿಗೆ ಕರಗಿದ ಅರಗನ್ನು ಹನಿಸಿ, ಒದ್ದೆ ಬೆರಳಿನಿಂದಲೋ ಸ್ಲಿಕ್ಕಿನಿಂದಲೋ ಪೂರ್ತಿ ಹರಡಿ, ಸುಮಾರು ಒಂದು ಮಿ.ಮೀ. ಪದರ. ನಡುವೆ ಒಂದು ಬೊಟ್ಟಿಟ್ಟು ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ಅಂಚಿಗೆ ಆಧಾರವಿಲ್ಲದೆ ಪ್ಯಾಡ್ ಗಾಳಿಯಲ್ಲಿ ತೇಲಿ, ಇವತ್ತು ಮುಚ್ಚಿದ್ದು ನಾಳೆ ತೆರೆಯುತ್ತದೆ. ಪ್ಯಾಡಿನ ಬೆನ್ನಲ್ಲಿ ರೆಸೊನೇಟರಿನ ರಿವೆಟ್ ಉಬ್ಬಿರುವ ಕಡೆ ಸುತ್ತಲೂ ಅಂಟು ತುಂಬಿರಬೇಕು, ಇಲ್ಲದಿದ್ದರೆ ಪ್ಯಾಡ್ ಆ ಉಬ್ಬಿನ ಮೇಲೆ ತೊಟ್ಟಿಲಾಡುತ್ತದೆ. ಕಪ್ಪನ್ನು ಬಿಸಿ ಮಾಡಿ ಒಳಗೆ ಅರಗಿನ ಕಡ್ಡಿ ತಾಗಿಸಿ ನೋಡಿ. ತಾನಾಗಿ ಕರಗಿ ಹತ್ತಿದರೆ ಬಿಸಿ ಸರಿ. ಪ್ಯಾಡ್ ಒಳಗಿಟ್ಟು ಕಾಲು ಸುತ್ತು ತಿರುಗಿಸಿ, ಗಾಜಿನ ಮೇಲೆ ಬೋರಲು ಒತ್ತಿ ತಣಿಯಲು ಬಿಡಿ. ಅಂಚಿನಿಂದ ಉಕ್ಕಿ ಬಂದ ಅರಗು ತಣಿದ ಮೇಲೆ ಉಗುರಿಗೇ ಕಿತ್ತು ಬರುತ್ತದೆ, ಬಿಸಿಯಿದ್ದಾಗ ಒರೆಸಿದರೆ ಚರ್ಮಕ್ಕೆಲ್ಲ ಮೆತ್ತಿಕೊಳ್ಳುತ್ತದೆ.

ಕೀಯನ್ನು ವಾದ್ಯಕ್ಕೆ ಜೋಡಿಸಿದ ಮೇಲೆ ಅಸಲು ಕೆಲಸ. ಹಿಂದಿನ ದೇಹಕ್ಕೆ ಜ್ವಾಲೆ ತಾಗದಂತೆ ಒದ್ದೆ ಬಟ್ಟೆಯನ್ನೋ ಅಲ್ಯೂಮಿನಿಯಂ ತಗಡನ್ನೋ ಅಡ್ಡ ಹಿಡಿದು ಕಪ್ಪನ್ನು ಮತ್ತೆ ಬೆಚ್ಚಗೆ ಮಾಡಿ, ಸ್ಪ್ರಿಂಗಿನ ಬಲಕ್ಕಷ್ಟೇ ಮುಚ್ಚಲು ಬಿಡಿ. ಬೆರಳಿನಿಂದ ಒತ್ತಬೇಡಿ. 15–20 ಸೆಕೆಂಡು ಕಾದು ಬೆಳಕು ನೋಡಿ. ಹಿಂಬದಿ ಮೊದಲು ತಾಗುತ್ತಿದ್ದರೆ ಮತ್ತೆ ಬಿಸಿ ಮಾಡಿ ಸ್ಲಿಕ್ಕನ್ನು ಹಿಂಬದಿಯ ಅಂಚಿಗೂ ಪ್ಯಾಡಿಗೂ ನಡುವೆ ಇಟ್ಟು ಮೆಲ್ಲಗೆ ಒತ್ತಿದರೆ ಆ ಭಾಗ ಕಪ್ಪಿನೊಳಕ್ಕೆ ಇಳಿಯುತ್ತದೆ. ಮುಂಬದಿಯಾದರೆ ಮುಂದೆ. ಚರ್ಮದ ಸಣ್ಣ ಸುಕ್ಕಿಗೆ ಎರಡು ಹನಿ ನೀರು ಸವರಿ ಬೆಚ್ಚಗಿನ ಸ್ಲಿಕ್ಕಿನಿಂದ ಇಸ್ತ್ರಿ ಮಾಡಬಹುದು. ಬಲವಾದ ರಬ್ಬರ್ ಬ್ಯಾಂಡ್ ಕಟ್ಟಿ ರಾತ್ರಿಯಿಡೀ ಬಿಟ್ಟರೆ ತಾನೇ ಕೂರುತ್ತದೆ ಎಂಬ ಸಲಹೆ ಬಹಳ ಚಾಲ್ತಿಯಲ್ಲಿದೆ. ಕೂರುವುದು ನಿಜ, ಒಂದು ಬದಿಗೆ ಆಳ, ಇನ್ನೊಂದು ಬದಿಗೆ ಮೇಲು ಮೇಲೆ. ಓರೆಯನ್ನು ಮುಚ್ಚಿಡುವ ಉಪಾಯವದು, ಸರಿಪಡಿಸುವುದಲ್ಲ.

ಸಾಲಿನ ಕೀಗಳಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಬೆರಳಿಡುವ ಮುತ್ತಿನ ಗುಂಡಿ ಎಷ್ಟೋ ಕಡೆ ಕಪ್ಪಿನ ಮೇಲೇ ಕೂತಿದೆ, ಅಗ್ಗದ ವಾದ್ಯದಲ್ಲಿ ಅದು ಪ್ಲಾಸ್ಟಿಕ್. ಜ್ವಾಲೆ ನೇರ ಹಿಡಿದರೆ ಕ್ಷಣದಲ್ಲಿ ಹಳದಿಯಾಗಿ ಗುಳ್ಳೆ ಏಳುತ್ತದೆ. ಗುಂಡಿಯ ಮೇಲೆ ಒದ್ದೆ ಹತ್ತಿಯಿಟ್ಟು ಕಪ್ಪಿನ ಅಂಚಿಗೆ ಪಕ್ಕದಿಂದ ಬಿಸಿ ಕೊಡಬೇಕು.

ಈ ಸಾಲಿನ ಕೀಗಳನ್ನು ಮನೆಯಲ್ಲಿ ಮಾಡಬೇಡಿ ಎನ್ನುವುದಕ್ಕೆ ಕಾರಣ ಗುಂಡಿಯಲ್ಲ, ನಂಟು. ಬಲಗೈಯ ಎಫ್, ಇ, ಡಿ ಮೂರರಲ್ಲಿ ಯಾವುದನ್ನು ಒತ್ತಿದರೂ ಎಫ್ ಶಾರ್ಪಿನ ಪ್ಯಾಡೂ ಅದೇ ಕ್ಷಣಕ್ಕೆ ಮುಚ್ಚಬೇಕು. ಎಫ್ ಶಾರ್ಪಿನಿಂದ ಚಾಚಿದ ತೋಳು ಎರಡು ಸ್ಕ್ರೂಗಳ ಮೂಲಕ ಮೇಲಿನ ಜಿ ಶಾರ್ಪನ್ನೂ ಎಡಗೈ ಸಾಲಿನ ಪುಟ್ಟ ಬಿಸ್ ಬಿ ಫ್ಲ್ಯಾಟ್ ಕೀಯನ್ನೂ ಹಿಡಿದಿರಬೇಕು. ಇ ಪ್ಯಾಡ್ ಹಳೆಯದಕ್ಕಿಂತ 0.2 ಮಿ.ಮೀ. ದಪ್ಪ ಬಂದರೆ ಇ ಮೊದಲು ತಾಗಿ ಎಫ್ ಶಾರ್ಪ್ ತೆರೆದೇ ಉಳಿಯುತ್ತದೆ. ಎಫ್ ಶಾರ್ಪ್ ಸರಿ ಮಾಡಲು ಕಾರ್ಕ್ ಏರಿಸಿದರೆ ಎಫ್ ಕೆಡುತ್ತದೆ. ದಪ್ಪದಲ್ಲಿ ಹೆಚ್ಚುಕಡಿಮೆಯಿರುವ ಸೆಟ್ ಇಲ್ಲಿಗೆ ಬಂದರೆ ಒಂದು ಪ್ಯಾಡ್ ಬದಲಿಸಲು ಹೋಗಿ ಐದರ ಕಾರ್ಕ್ ಕೆರೆಯುವ ಗತಿ. ಮಾಡಲೇಬೇಕೆಂದರೆ ಎಫ್ ಶಾರ್ಪನ್ನು ಯಜಮಾನ ಎಂದು ಹಿಡಿದು ಮೊದಲು ಅದನ್ನೇ ಪಕ್ಕಾ ಕೂರಿಸಿ, ಉಳಿದ ಮೂರನ್ನೂ ಅದಕ್ಕೆ ಕಾಗದ ಹಿಡಿದು ಒಂದೊಂದಾಗಿ ಹೊಂದಿಸಿ. ಎರಡು ಪ್ಯಾಡಿನಡಿಯ ಎರಡು ಕಾಗದವೂ ಒಂದೇ ಬಿಗಿಗೆ ಬರಬೇಕು. ಕೀ ಎಷ್ಟು ಏಳುತ್ತದೆ ಎನ್ನುವುದನ್ನೂ ಬಿಚ್ಚುವ ಮೊದಲೇ ಅಳೆದಿಟ್ಟುಕೊಂಡಿರಿ. ದಪ್ಪ ಪ್ಯಾಡ್ ಕೀಯ ಎತ್ತರ ತಿಂದುಹಾಕಿದರೆ ಸ್ವರ ಮಂಕಾಗಿ ಶ್ರುತಿ ಇಳಿಯುತ್ತದೆ. ತಂಬೂರಿಯ ಜೊತೆ ನುಡಿಸುವವರಿಗೆ ಅದು ಮೊದಲ ಷಡ್ಜದಲ್ಲೇ ಕೇಳುತ್ತದೆ.

ಕದ್ರಿ ಗೋಪಾಲನಾಥರು ಆಲ್ಟೋದಲ್ಲಿ ಕರ್ನಾಟಕ ಸಂಗೀತ ನುಡಿಸಿ ತೋರಿಸಿದ ಮೇಲೆ ದಕ್ಷಿಣ ಕನ್ನಡ, ಉಡುಪಿಯ ಉತ್ಸವ, ಮದುವೆ, ಕೋಲಗಳಲ್ಲಿ ಈ ವಾದ್ಯ ಮನೆಯ ಮಗುವಾಗಿದೆ. ಅಲ್ಲಿನ ಬಳಕೆ ಪ್ಯಾಡಿಗೆ ಕಠಿಣ ಪರೀಕ್ಷೆ. ಗಂಟೆಗಟ್ಟಲೆ ನುಡಿಸುವುದು, ರಾತ್ರಿಯ ಇಬ್ಬನಿ, ಕೀಯನ್ನು ಅರ್ಧ ತೆರೆದು ಜಾರಿಸುವ ಗಮಕ. ಬ್ಯಾಂಡಿನವರಿಗೆ ನಡೆದುಹೋಗುವ ಲೀಕ್ ಗಮಕಕ್ಕೆ ನಡೆಯುವುದಿಲ್ಲ, ಮುಚ್ಚುವ ಕ್ಷಣ ಮಸುಕಾಗಿ ಜಾರು ಕಡಿದುಹೋಗುತ್ತದೆ. ರಿಪೇರಿಗೆ ಬಿಡುವು ಸಿಗುವುದು ಕಾರ್ಯಕ್ರಮವಿಲ್ಲದ, ಮಳೆ ಸುರಿಯುವ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್), ಹವೆಗೆ ಅದೇ ಅತ್ಯಂತ ಕೆಟ್ಟ ತಿಂಗಳು. ತೇವ ಕುಡಿದು ಉಬ್ಬಿದ ಪ್ಯಾಡನ್ನು ಆಟಿಯಲ್ಲಿ ಕೂರಿಸಿದರೆ ಬೇಸಗೆಗೆ ಒಣಗಿ ಅಳತೆ ಬದಲಾಗುತ್ತದೆ. ಸೆಟ್ ಬಂದ ಕೂಡಲೇ ಸಿಲಿಕಾ ಜೆಲ್ ಚೀಟಿ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ನಾಲ್ಕು ದಿನ ಇಟ್ಟು, ಆಮೇಲೆ ಹಾಕಿ. ಉಳಿದ ಪ್ಯಾಡುಗಳೂ ಅಲ್ಲೇ ಇರಲಿ, ಹೊರಗಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ.

ಸೆಟ್ಟಿಗೆ ಐದಕ್ಕೆ ಮೂರು ಅಂಕ. ಅಂಗೈ ಕೀ ಮೂರು, ಲೋ ಇ ಫ್ಲ್ಯಾಟ್, ಬಲಗೈ ಪಕ್ಕದ ಕೀಗಳು, ಇಷ್ಟಕ್ಕೆ ಕಣ್ಣುಮುಚ್ಚಿ ಬಳಸಿ. ಮೊದಲ ಸಲ ಒಂದಕ್ಕೆ ಅರ್ಧ ಗಂಟೆ, ಮೂರನೆಯದಕ್ಕೆ ಹತ್ತು ನಿಮಿಷ. ಗಂಟೆಬಾಯಿಯ ಎರಡು ದೊಡ್ಡ ಪ್ಯಾಡಿಗೆ ಸೆಟ್ಟಿನಲ್ಲಿ ತೆಳುವಾದವು ಸಿಕ್ಕರೆ ಹಾಕಿ ನೋಡಬಹುದು. ಸಾಲಿನ ಕೀಗಳಿಗೆ ಬಂದಾಗ ಬಿಡಿಯಾಗಿ ಅಳತೆ ಕೊಟ್ಟು ಒಂದೇ ದಪ್ಪದವನ್ನು ತರಿಸಿ, ಅಥವಾ ಬಲ್ಲವರ ಕೈಗೆ ಕೊಡಿ. ಹಾಕಿದ ಮೊದಲ ತಿಂಗಳು ವಾರಕ್ಕೊಮ್ಮೆ ಬೆಳಕು ಬಿಟ್ಟು ನೋಡಿ, ಮೆತ್ತನೆ ಫೆಲ್ಟ್ ಕುಗ್ಗುವುದು ಆಗಲೇ. ನುಡಿಸಿ ಮುಗಿದ ಕೂಡಲೇ ಒಳಗೆ ಬಟ್ಟೆ ಎಳೆದು, ಮುಚ್ಚಿಕೊಂಡಿರುವ ಪ್ಯಾಡುಗಳಡಿ ಹೀರುವ ಕಾಗದ ಇಟ್ಟು ತೆಗೆಯಿರಿ. ಮದುವೆ ಮನೆಯಲ್ಲಿ ಪಾಯಸ ಕುಡಿದೋ ಎಲೆಯಡಿಕೆ ಹಾಕಿಯೋ ನೇರ ವೇದಿಕೆ ಹತ್ತುವ ಮೊದಲು ಎರಡು ಸಲ ಬಾಯಿ ಮುಕ್ಕಳಿಸಿ. ಜಿ ಶಾರ್ಪ್ ಪ್ಯಾಡ್ ಅಂಟಿಕೊಳ್ಳುವುದು ಆ ಸಕ್ಕರೆಗೇ.